ಮಿಡಜೋಲಾಮ್ ಪಡೆದವರ ಮರೆವು: ಜೊತೆಗಿರುವವರು ಮಾಡಬೇಕಾದದ್ದು

ಎಂಡೋಸ್ಕೋಪಿಗೆ (ಕೊಳವೆ ಇಳಿಸಿ ದೇಹದ ಒಳಭಾಗವನ್ನು ನೋಡುವ ಪರೀಕ್ಷೆಗೆ) ಮುನ್ನ, ಮಂಪರು ತರಿಸುವ ಮಿಡಜೋಲಾಮ್ ಚುಚ್ಚುಮದ್ದು ಪಡೆದ ವ್ಯಕ್ತಿ ಬಳಿಕ ವೈದ್ಯರ ಪ್ರಶ್ನೆಗಳಿಗೆ ಸರಿಯಾಗಿಯೇ ಉತ್ತರಿಸಿದರೂ, ಮನೆ ತಲುಪುವಷ್ಟರಲ್ಲಿ ಆ ಮಾತುಕತೆಯನ್ನೇ ಮರೆತಿರಬಹುದು. ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಈ ಔಷಧ ಹೆಚ್ಚಿಸುವುದರಿಂದ, ಹೊಸ ಅನುಭವವನ್ನು ನೆನಪಾಗಿಸುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗದ ಕೆಲಸ ಕೆಲಕಾಲ ಕುಂಠಿತವಾಗುತ್ತದೆ. ಚುಚ್ಚುಮದ್ದಿಗೆ ಮೊದಲಿನ ನೆನಪುಗಳು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ಬರೆಯದ ಪುಟವನ್ನು ಓದಲಾಗದು. ಆದ್ದರಿಂದ ದಯವಿಟ್ಟು, ನೆನಪಿಸಿಕೊಳ್ಳಿ ಎಂದು ಅವರನ್ನು ಒತ್ತಾಯಿಸಬೇಡಿ.

ನಿತ್ಯ ಸೇವಿಸುವ ಔಷಧಗಳನ್ನು, ಮುಖ್ಯವಾಗಿ ನಿದ್ರೆಮಾತ್ರೆಗಳನ್ನು, ವೈದ್ಯರಿಗೆ ಮೊದಲೇ ತಿಳಿಸಿ. ಆಹಾರ, ಮಾತ್ರೆ ಮತ್ತು ಮರುಭೇಟಿಯ ಸೂಚನೆಗಳನ್ನು ಸಾಧ್ಯವಾದಷ್ಟೂ ಚುಚ್ಚುಮದ್ದಿಗೆ ಮುಂಚೆಯೇ ಕೇಳಿಕೊಳ್ಳಿ. ಪರೀಕ್ಷೆಯ ನಂತರ ಹೇಳುವುದನ್ನು ನೀವೇ ಆಲಿಸಿ, ಕಾಗದದ ಮೇಲೆ ಬರೆಸಿಕೊಂಡು, ರೋಗಿಗೆ ಮರುದಿನ ನಿಧಾನವಾಗಿ ಮತ್ತೊಮ್ಮೆ ವಿವರಿಸಿ. ರೋಗಿ ಎಷ್ಟೇ ಚುರುಕಾಗಿ ಕಂಡರೂ 24 ಗಂಟೆಗಳ ಕಾಲ ವಾಹನ ಚಾಲನೆ, ಮದ್ಯ, ಮುಖ್ಯ ದಾಖಲೆಗಳಿಗೆ ಸಹಿ ಇವೆಲ್ಲ ಬೇಡ. ವಯಸ್ಸಾದವರಲ್ಲಿ ಔಷಧದ ಪರಿಣಾಮ ಹೆಚ್ಚು ಹೊತ್ತು ಉಳಿಯಬಹುದಾದ್ದರಿಂದ, ಎಚ್ಚರವಾದ ಕೂಡಲೇ ಅವರ ಕನ್ನಡಕ ಮತ್ತು ಶ್ರವಣಯಂತ್ರವನ್ನು ಕೊಟ್ಟು, ಪಕ್ಕದಲ್ಲೇ ಕುಳಿತಿರಿ. ಮರುದಿನವೂ ಗೊಂದಲ ಮುಂದುವರಿದರೆ ವೈದ್ಯರನ್ನು ಸಂಪರ್ಕಿಸಿ. ಎಬ್ಬಿಸಿದರೂ ಏಳದಿದ್ದರೆ ಅಥವಾ ಉಸಿರಾಟ ಕ್ಷೀಣಿಸಿದರೆ ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಿ.