571201: ಮಡಿಕೇರಿಯ ಪಿನ್‌ಕೋಡ್ ಅವಿಭಾಜ್ಯವೆಂದು ನಾನು ಕಂಡುಕೊಂಡ ಬಗೆ

ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರದ ಗುಮಾಸ್ತ, ಆಗಿರುವ ನಾನು ಕಾಗದಪತ್ರಗಳ ಮೇಲೆ ದಿನವೂ ಬರೆಯುವ ಸಂಖ್ಯೆ ಮಡಿಕೇರಿಯ ಪಿನ್‌ಕೋಡ್ 571201. 1972ರಲ್ಲಿ ಜಾರಿಗೆ ಬಂದ ಈ ಪದ್ಧತಿಯಲ್ಲಿ ಅದು ವಿಳಾಸದ ಗುರುತು ಮಾತ್ರ. ಆದರೆ ಅದನ್ನು ಐದು ಲಕ್ಷದ ಎಪ್ಪತ್ತೊಂದು ಸಾವಿರದ ಇನ್ನೂರ ಒಂದು ಎಂದು ಓದಿಕೊಂಡ ದಿನದಿಂದ, ಅದು 1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಅವಿಭಾಜ್ಯ ಸಂಖ್ಯೆಯೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಜುಲೈ ಮಳೆಗೆ ಕರೆಂಟು ಹೋದ ಸಂಜೆಗಳಲ್ಲಿ, ಕೂಲಿ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕದ ಖಾಲಿ ಹಾಳೆಗಳ ಮೇಲೆ, ಕ್ಯಾಲ್ಕುಲೇಟರ್ ಮುಟ್ಟದೆ ಲೆಕ್ಕಕ್ಕೆ ಕುಳಿತೆ.

ಇದರ ವರ್ಗಮೂಲ 755ಕ್ಕೂ 756ಕ್ಕೂ ನಡುವೆ ಬೀಳುವುದರಿಂದ, 2ರಿಂದ 751ರವರೆಗಿನ 133 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 571200 ಎಂಬುದು 7, 17 ಮತ್ತು 4800ರ ಗುಣಲಬ್ಧವಾದ ಕಾರಣ 2, 3, 5, 7, 17 ಇವೈದೂ 1ನ್ನು ಉಳಿಸುತ್ತವೆಂದು ಭಾಗಿಸದೆಯೇ ತಿಳಿಯಿತು. ಉಳಿದ 128ನ್ನು ಒಂದೊಂದಾಗಿ ಭಾಗಿಸಿ ಶೇಷಗಳನ್ನು ಪಟ್ಟಿ ಮಾಡಿದೆ.

ಎರಡನೆಯ ಸಂಜೆ 89ರಲ್ಲಿ ಎಡವಿದೆ. ಭಾಗಲಬ್ಧ 6418, ಶೇಷ ಸೊನ್ನೆ ಎಂದು ಬರೆದು ಪುಸ್ತಕ ಮುಚ್ಚಿಬಿಟ್ಟಿದ್ದೆ. ಕೂಲಿ ಲೆಕ್ಕಕ್ಕೆ ಬಳಸುವ ಒಂಬತ್ತರ ತಾಳೆಯನ್ನು ಮರುದಿನ ಇದಕ್ಕೂ ಹಾಕಿ ನೋಡಿದೆ: ಅಂಕಗಳನ್ನು ಕೂಡುತ್ತ ಹೋದರೆ 89ಕ್ಕೆ 8, 6418ಕ್ಕೆ 1, ಗುಣಿಸಿದರೆ 8, ಆದರೆ 571201ಕ್ಕೆ 7; ಎರಡೂ ಒಂದೇ ಆಗಬೇಕಿತ್ತು. ನಿಜವಾದ ಗುಣಲಬ್ಧ 571202, ಅಂದರೆ ಒಂದೇ ಒಂದು ಹೆಚ್ಚು. ಆಮೇಲೆ ಪ್ರತಿ ಸಾಲನ್ನೂ ತಾಳೆ ನೋಡಿಯೇ ಮುಂದುವರಿದೆ. 751ರಲ್ಲಿ 441 ಉಳಿದಾಗ ಸಂಖ್ಯೆ ಅವಿಭಾಜ್ಯವೆಂದು ಗೊತ್ತಾಯಿತು.

ಆದರೂ ಇಷ್ಟು ಭಾಗಾಕಾರಗಳಲ್ಲಿ ಇನ್ನೊಂದು ತಪ್ಪು ಅಡಗಿರಬಹುದೆಂಬ ಅಳುಕಿನಿಂದ ಬೇರೆ ದಾರಿ ಹಿಡಿದೆ. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳೆಲ್ಲ ಎರಡು ವರ್ಗಗಳ ಮೊತ್ತವೆಂದು ಗಣಿತಜ್ಞ ಫರ್ಮಾ 1640ರಲ್ಲಿ ಬರೆದಿದ್ದರು, ಮುಂದೆ ಗಣಿತಜ್ಞ ಆಯ್ಲರ್ ಅದನ್ನು ಸಾಧಿಸಿದರು. ತಿರುಗಿಸಿ ನೋಡಿದರೆ, 4ರಿಂದ ಭಾಗಿಸಿದಾಗ 1 ಉಳಿಯುವ ಯಾವುದೇ ಸಂಖ್ಯೆ ಸಾಮಾನ್ಯ ಅಪವರ್ತನವಿಲ್ಲದ ಒಂದೇ ಜೋಡಿಯ ವರ್ಗಗಳಾಗಿ ಮಾತ್ರ ಒಡೆಯುವುದಾದರೆ ಅದು ಅವಿಭಾಜ್ಯವೇ. ಮೊತ್ತದ ಕೊನೆ 01 ಆಗಬೇಕು. ಒಂದು ಸಂಖ್ಯೆ 5ರಲ್ಲಿ ಮುಗಿದರೆ ಅದರ ವರ್ಗ 25ರಲ್ಲಿ ಮುಗಿಯುತ್ತದೆ, ಆಗ ಇನ್ನೊಂದರ ವರ್ಗದ ಕೊನೆ 76 ಆಗಲೇಬೇಕು. ಬೆಸಸಂಖ್ಯೆಯ ವರ್ಗವನ್ನು ಎಂಟರಿಂದ ಭಾಗಿಸಿದರೆ 1 ಉಳಿಯುತ್ತದೆ, 571200 ಎಂಟರಿಂದ ಭಾಗವಾಗುವುದರಿಂದ ಆ ಇನ್ನೊಂದು 4ರ ಗುಣಕವೂ ಆಗಬೇಕು. ಹೀಗೆ ಜರಡಿ ಹಿಡಿದಾಗ ಉಳಿದದ್ದು 24, 76, 124, 176 ಎಂದು ಸಾಗುವ ಸಾಲು. ನಾಲ್ಕನೆಯದರಲ್ಲೇ ಸಿಕ್ಕಿತು: 176ರ ವರ್ಗ 30976ನ್ನು ಕಳೆದರೆ 540225, ಅದು 735ರ ವರ್ಗ. ಸಿಕ್ಕ ಸಂತೋಷದಲ್ಲಿ ನಿಲ್ಲಿಸದೆ ಆ ಸಾಲನ್ನು 724ರವರೆಗೂ, ಒಂದು ಸಂಖ್ಯೆ 10ರ ಗುಣಕವಾಗುವ ಇನ್ನೊಂದು ಸಾಲನ್ನೂ ಪೂರ್ತಿ ಶೋಧಿಸಿದೆ. ಬೇರೆ ಜೋಡಿ ಇರಲಿಲ್ಲ.

ಶೇಷಗಳ ಪಟ್ಟಿ ಮತ್ತೊಂದಕ್ಕೂ ಒದಗಿತು. ವಿರಾಜಪೇಟೆಯ 571218 ಮತ್ತು ಕುಶಾಲನಗರದ 571234 ಸಮಸಂಖ್ಯೆಗಳು, ಅಲ್ಲಿ ನೋಡುವುದೇನಿಲ್ಲ. ಗೋಣಿಕೊಪ್ಪಲಿನ 571213 ನಮ್ಮದಕ್ಕಿಂತ 12 ಹೆಚ್ಚು, ಪಟ್ಟಿಯಲ್ಲಿ 29ರ ಎದುರು ಶೇಷ 17 ಎಂದಿತ್ತು. ಹದಿನೇಳಕ್ಕೆ ಹನ್ನೆರಡು ಸೇರಿದರೆ 29 ತುಂಬುತ್ತದೆ. ಹಳೆಯ ಭಾಗಲಬ್ಧ 19696ಕ್ಕೆ ಒಂದನ್ನು ಕೂಡಿಸಿ, ಅದು 29 ಮತ್ತು 19697ರ ಗುಣಲಬ್ಧವೆಂದು ಅದೇ ಹಾಳೆಯ ಅಂಚಿನಲ್ಲಿ ಬರೆದೆ.