ಹಾಳೆ ತುಂಡು ಸಿಕ್ಕಿಸಿದ್ದ ಸ್ಟಾರ್ಟರ್

ಪಂಪ್‌ಶೆಡ್ಡಿನ ಬಾಗಿಲು ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಅಡಿಕೆ ಹಾಳೆಯ ತುಂಡು. ಸ್ಟಾರ್ಟರಿನ ಹ್ಯಾಂಡಲ್ ಬೀಳದ ಹಾಗೆ ಅದನ್ನು ಮಡಚಿ ಸಂದಿಗೆ ಸಿಕ್ಕಿಸಿದ್ದರು. "ಎಂತ ಮಾಡುವುದು ಮಾರಾಯಾ, ಕೈ ಬಿಟ್ಟರೆ ಬೀಳ್ತದೆ. ಇದೊಂದು ಇಟ್ಟರೆ ನಿಲ್ತದೆ" ಅಂದರು ತೋಟದ ಭಟ್ಟರು.

ಬದಿಯಡ್ಕದ ಹತ್ತಿರ ನನ್ನದು ಮೋಟಾರ್ ರೀವೈಂಡಿಂಗ್ ಅಂಗಡಿ. ಹ್ಯಾಂಡಲಿಗೆ ಹಗ್ಗ ಕಟ್ಟಿದ್ದು, ಕಲ್ಲು ನೇತು ಹಾಕಿದ್ದು ಎಲ್ಲ ನೋಡಿದ್ದೇನೆ. ಹಾಳೆ ಇಟ್ಟದ್ದು ಅದೇ ಮೊದಲು. ಕರೆಂಟ್ ಹೋದಾಗ ಹ್ಯಾಂಡಲ್ ತಾನೇ ಬೀಳಬೇಕು, ಅದಕ್ಕಾಗಿಯೇ ಒಳಗೆ ನೋವೋಲ್ಟ್ ಕಾಯಿಲ್ ಇರುವುದು, ಕರೆಂಟ್ ಇರುವಷ್ಟು ಹೊತ್ತು ಮಾತ್ರ ಹ್ಯಾಂಡಲನ್ನು ಹಿಡಿದುಕೊಳ್ಳುವ ಅಯಸ್ಕಾಂತ. ಹಾಳೆ ಇಟ್ಟರೆ ಕರೆಂಟ್ ಬಂದ ಕೂಡಲೇ ಮೋಟಾರು ಮೆಲ್ಲಗೆ ಹೊರಡಿಸುವ ಸ್ಟಾರ್ ಜೋಡಣೆ ಬಿಟ್ಟು ನೇರ ಪೂರ್ತಿ ವೋಲ್ಟೇಜಿನ ಡೆಲ್ಟಾದಲ್ಲೇ ಎದ್ದು ನಿಲ್ಲುತ್ತದೆ. ಆಗ ಯಾರದ್ದಾದರೂ ಕೈ ಕಪ್ಲಿಂಗಿನ ಹತ್ತಿರ ಇದ್ದರೆ?

ಅದು ಎಣ್ಣೆಯೊಳಗೆ ಕಾಂಟ್ಯಾಕ್ಟ್ (ಒಂದಕ್ಕೊಂದು ಸೇರಿ ಕರೆಂಟ್ ದಾಟಿಸುವ ತಾಮ್ರದ ತುಂಡು) ಮುಳುಗಿರುವ ಹಳೇ ಸ್ಟಾರ್-ಡೆಲ್ಟಾ ಸ್ಟಾರ್ಟರ್. ಮೋಟಾರು ಏಳೂವರೆ ಎಚ್‌ಪಿ. ಆ ಮಾಡೆಲಿನ ಬಿಡಿಭಾಗ ಮಂಗಳೂರಿನಲ್ಲಿ ಹುಡುಕಿದರೂ ಸಿಗಲಿಲ್ಲ. ಹೊಸದು ಹಾಕಿ ಅಂತ ನಾನೇ ಹೇಳಿದೆ. ಒಮ್ಮೆ ಹಾಕಿ ನೋಡಿ ಆಗಿತ್ತಂತೆ. ಏಪ್ರಿಲ್‌ನಲ್ಲಿ ಎಲ್ಲ ತೋಟದಲ್ಲೂ ಸ್ಪ್ರಿಂಕ್ಲರ್ ಓಡುವಾಗ ಲೈನಿನ ಕೊನೆಯಲ್ಲಿರುವ ಇವರಿಗೆ 340 ವೋಲ್ಟ್ ಸಿಕ್ಕಿದರೆ ಪುಣ್ಯ. ಹೊಸ ಸ್ಟಾರ್ಟರಿನಲ್ಲಿ ಕೈಯ ಬದಲು ಅಯಸ್ಕಾಂತವೇ ಎಳೆಯುವ ಸ್ವಿಚ್ ಇರುವುದು, ಕಾಂಟ್ಯಾಕ್ಟರ್. 415 ವೋಲ್ಟಿನ ಕಾಂಟ್ಯಾಕ್ಟರ್ ಖಂಡಿತ ಎಳೆಯುತ್ತದೆ ಅನ್ನಬೇಕಾದರೆ ಸುಮಾರು 353 ಆದರೂ ಬೇಕು. ಅದು ಕಟಕಟ ಅಂತ ಹಲ್ಲು ಕಡಿಯುತ್ತದೆ ಅಷ್ಟೇ. ಹ್ಯಾಂಡಲ್ ಸ್ಟಾರ್ಟರಿನಲ್ಲಿ ಹಾಗಲ್ಲ. ಎಳೆಯುವ ಕೆಲಸ ನಮ್ಮ ಕೈಯದ್ದು, ಕಾಯಿಲ್ ಸುಮ್ನೆ ಹಿಡಿದುಕೊಂಡರೆ ಸಾಕು. ಹಿಡಿಯುವುದಕ್ಕೆ ಅಷ್ಟು ವೋಲ್ಟೇಜ್ ಬೇಡ. ಹಳೆಯದೇ ಸಾಕು ಅನ್ನುವ ಭಟ್ಟರ ಹಟದಲ್ಲಿ ನ್ಯಾಯ ಇತ್ತು.

ಟ್ಯಾಂಕ್ ಇಳಿಸಿ ನೋಡಿದರೆ ಕಾಂಟ್ಯಾಕ್ಟ್‌ಗಳು ಇಲಿ ಕಡಿದ ಕೊಬ್ಬರಿಯ ಹಾಗೆ ಆಗಿದ್ದವು.

ಇಲ್ಲಿ ನನ್ನ ಹಳೇ ತಪ್ಪೊಂದನ್ನು ಹೇಳಬೇಕು. ಅಂಗಡಿ ಹಾಕಿದ ಹೊಸತರಲ್ಲಿ ಇಂಥದ್ದೇ ಕೆಲಸ ಬಂದಿತ್ತು. ಸವೆದ ತುಂಡನ್ನು ವೈಸಿನಲ್ಲಿ ಹಿಡಿದು, ವರ್ನಿಯರ್ ಇಟ್ಟು, ಅದೇ ಅಳತೆಗೆ ಮೂರು ಹೊಸ ತುಂಡು ಮಾಡಿದ್ದೆ. ನೋಡಲು ಬಹಳ ಚಂದ. ಆದರೆ ನಾನು ನಕಲು ಮಾಡಿದ್ದು ಸವಕಳಿಯನ್ನು! ಮೂರರಲ್ಲಿ ಒಂದು ಒಂದೂವರೆ ಮಿಲಿಮೀಟರ್ ಗಿಡ್ಡವಾಗಿ, ಬರೀ ತಾಗಿಕೊಂಡಿತ್ತು, ಒತ್ತಿರಲಿಲ್ಲ. ಒಂದೇ ವಾರದಲ್ಲಿ ಆ ಫೇಸ್ ಸುಟ್ಟು ಬಿಟ್ಟುಕೊಂಡಿತು. ಮೋಟಾರು ಎರಡು ಫೇಸಿನಲ್ಲಿ ಗುಂಯ್‌ಗುಟ್ಟಿ ವೈಂಡಿಂಗ್ ಹೋಯಿತು. ಅದನ್ನು ನನ್ನ ಕೈಯಿಂದಲೇ ರೀವೈಂಡ್ ಮಾಡಿಕೊಟ್ಟೆ. ಆ ತಿಂಗಳು ಅಂಗಡಿ ಬಾಡಿಗೆ ಸಾಲ ಮಾಡಿ ಕಟ್ಟಿದ್ದು.

ಹಾಗಾಗಿ ಈಗ ಸವೆದ ಮುಖವನ್ನು ಅಳೆಯುವುದೇ ಇಲ್ಲ. ಕಾಂಟ್ಯಾಕ್ಟಿನ ಬುಡದಲ್ಲಿ, ಸ್ಕ್ರೂ ಕೂರುವಲ್ಲಿ, ಯಾವುದೂ ತಾಗದ ಜಾಗ ಇರುತ್ತದೆ. ಕಪ್ಪು ಕೆರೆದು ಅಲ್ಲಿ ವರ್ನಿಯರ್ ಇಟ್ಟೆ. 6.35 ಮಿಲಿಮೀಟರ್ ಬಂತು. ಅಂದರೆ ಸರಿಯಾಗಿ ಕಾಲು ಇಂಚು. ಹಳೇ ಸಾಮಾನಿನ ಅಳತೆ ಇಂಚಿನದ್ದು, ಇದನ್ನು ಮರೆತರೆ ಕೆಲಸ ಕೆಟ್ಟಿತು. ಈಗ ಅಂಗಡಿಯಲ್ಲಿ ಸಿಗುವ ಪಟ್ಟಿ 6 ಮಿಲಿಮೀಟರಿನದ್ದು. ಎರಡು ಮುಖ ಸೇರುವಲ್ಲಿ 0.7 ಮಿಲಿಮೀಟರ್ ಕಡಿಮೆ ಬೀಳುತ್ತದೆ. ಬೋಲ್ಟಿನ ಕತೆಯೂ ಅದೇ. ಕಾಲು ಇಂಚಿನ ಮರೆ (ತಿರುಪಿನ ಹಲ್ಲು) ಇರುವ ತೂತಿಗೆ ಎಂ-6 ಬೋಲ್ಟ್ ನುಸುಳಿ ಹೋಗುತ್ತದೆ. ಸರಿಯಾಯಿತು ಅಂದುಕೊಂಡು ಬಿಗಿ ಮಾಡಿದರೆ ಮರೆ ಕಿತ್ತು ಬರುತ್ತದೆ.

ಕಾಲು ಇಂಚಿನ ತಾಮ್ರದ ಪಟ್ಟಿ ಸಿಕ್ಕಿದ್ದು ಕಾಸರಗೋಡಿನ ಗುಜರಿ ಅಂಗಡಿಯಲ್ಲಿ, ಹಳೇ ಪ್ಯಾನೆಲಿನಿಂದ ಬಿಚ್ಚಿದ ಬಸ್‌ಬಾರ್. ಹಿತ್ತಾಳೆ ತಗೋ, ಅಗ್ಗ ಅಂದ ಗುಜರಿಯವನು. ಬೇಡ. ಹಿತ್ತಾಳೆಯಲ್ಲಿ ಕರೆಂಟ್ ಹರಿಯುವುದು ತಾಮ್ರದ ಮೂರನೇ ಒಂದು ಪಾಲಿಗಿಂತಲೂ ಕಡಿಮೆ, ಬಿಸಿಯಾಗಿ ಸಾಯುತ್ತದೆ. ತಾಮ್ರವನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಸುಲಭ. ಆದರೆ ಒಮ್ಮೆ ಕಾದ ತಾಮ್ರ ಮೆತ್ತಗಾಗುತ್ತದೆ, ಬಡಿತ ತಡೆಯುವುದಿಲ್ಲ. ಅದಕ್ಕೆ ಬಗ್ಗಿಸಿ ಆದ ಮೇಲೆ ತಣ್ಣಗಿರುವಾಗಲೇ ಮುಖವನ್ನು ಸುತ್ತಿಗೆಯಿಂದ ಸಣ್ಣ ಸಣ್ಣ ಏಟು ಹೊಡೆದು ಗಟ್ಟಿ ಮಾಡಿದೆ. ಬಡಿದಾಗ ದಪ್ಪ ಸ್ವಲ್ಪ ಇಳಿಯುತ್ತದೆ, ಪಟ್ಟಿಯ ಮೇಲೆ ಅಷ್ಟು ಜಾಸ್ತಿ ಇರಬೇಕು. ನನ್ನ ಪಟ್ಟಿ ಕಾಲು ಇಂಚಿಗಿಂತ ಸ್ವಲ್ಪ ದಪ್ಪ ಇದ್ದದ್ದು ಒಳ್ಳೆಯದೇ ಆಯಿತು. ಆಮೇಲೆ ಅರ ಹಾಕಿ ಮೂರನ್ನೂ ಒಂದೇ ಎತ್ತರಕ್ಕೆ ತಂದೆ.

ಸ್ಟಾರ್ಟರಿಗೆ ಕೂರಿಸಿ, ಕಾಂಟ್ಯಾಕ್ಟಿನ ನಡುವೆ ಬಿಳಿ ಕಾಗದ, ಅದರ ಮೇಲೆ ಬಿಲ್ ಬುಕ್ಕಿನ ಕಾರ್ಬನ್ ಕಾಗದ ಇಟ್ಟು ಹ್ಯಾಂಡಲ್ ಒತ್ತಿದೆ. ಕಾಂಟ್ಯಾಕ್ಟ್ ಎಲ್ಲಿ ಕೂರುತ್ತದೋ ಅಲ್ಲಿ ನೀಲಿ ಗುರುತು ಬೀಳುತ್ತದೆ. ಮೊದಲನೆಯದರಲ್ಲಿ ಬರೀ ಮೂಲೆಯಲ್ಲಿ ಒಂದು ಚುಕ್ಕಿ. ಅರ ಹಾಕು, ಒತ್ತು, ನೋಡು. ಹನ್ನೊಂದು ಸಲ ಆದ ಮೇಲೆ ಮೂರರಲ್ಲೂ ಅಗಲವಾದ ನೀಲಿ ಪಟ್ಟಿ ಬಂತು. ಆ ಕಾಗದ ಈಗಲೂ ನನ್ನ ಪುಸ್ತಕದಲ್ಲಿ ಉಂಟು. ಆಮೇಲೆ ತೆಳು ಕಾಗದದ ಮೂರು ಚೂರು ಇಟ್ಟು, ಹ್ಯಾಂಡಲ್ ಒತ್ತಿ ಹಿಡಿಸಿ, ಒಂದೊಂದನ್ನೇ ಎಳೆದು ನೋಡಿದೆ. ಮೂರೂ ಒಂದೇ ಬಿಗಿಯಲ್ಲಿ ಹರಿಯಬೇಕು. ಒಂದು ಸಲೀಸಾಗಿ ಜಾರಿ ಬಂತು, ಅದರ ಸ್ಪ್ರಿಂಗ್ ಸತ್ತಿತ್ತು. ಬದಲಿ ಸ್ಪ್ರಿಂಗಿಗೆ ಫಾಸ್ಫರ್ ಬ್ರಾಂಜ್ ತಂತಿಯನ್ನು ಡ್ರಿಲ್ ಬಿಟ್ಟಿನ ಹಿಂಬದಿಗೆ ಸುತ್ತಿ ಮಾಡಿಕೊಂಡೆ.

ಇನ್ನು ಕಾಯಿಲ್. ಪೂರ್ತಿ ಕರಕಲಾಗಿತ್ತು, ಸುತ್ತು ಎಣಿಸುವ ಹಾಗಿಲ್ಲ. ತಂತಿಯ ಎನಾಮಲ್ ಸುಟ್ಟು ತೆಗೆದು ಮೈಕ್ರೋಮೀಟರಿನಲ್ಲಿ ನೋಡಿದರೆ 0.15 ಮಿಲಿಮೀಟರ್, ಅಂದರೆ 38 ಗೇಜು. ಸುತ್ತು ಲೆಕ್ಕ ಹಾಕುವುದು ಕಾಯಿಲಿನ ಒಳಗಿನ ಕಬ್ಬಿಣದಿಂದ, ಅಂದರೆ ಕೋರಿನಿಂದ. ಕೋರಿನ ನಡುಗಾಲು 20 ಮಿಲಿಮೀಟರ್ ಚೌಕ, ಅಂದರೆ 4 ಚದರ ಸೆಂಟಿಮೀಟರ್. 50 ಸೈಕಲ್ಲಿನಲ್ಲಿ, ಕೋರಿನ ಅಯಸ್ಕಾಂತದ ಸಾಂದ್ರತೆ 1 ಟೆಸ್ಲಾ ಇಟ್ಟುಕೊಂಡರೆ, 415 ವೋಲ್ಟಿಗೆ ಸುಮಾರು 4,670 ಸುತ್ತು ಬರುತ್ತದೆ. ನಾನು 4,700 ಸುತ್ತಿದೆ. "ವೋಲ್ಟೇಜ್ ಕಡಿಮೆ ಅಲ್ವಾ, ಸುತ್ತು ಕಡಿಮೆ ಮಾಡು, ಗಟ್ಟಿ ಹಿಡೀತದೆ" ಅಂದರು ಭಟ್ಟರು. ಹಗಲಿಗೆ ಅದು ಸರಿಯೇ. ಆದರೆ ರಾತ್ರಿ ಹತ್ತರ ಮೇಲೆ ಅದೇ ಲೈನಿನಲ್ಲಿ 440 ಬರುತ್ತದೆ, ಆಗ ಕಾಯಿಲ್ ಕಾದು ಹೋಗುತ್ತದೆ. ಒಪ್ಪಲಿಲ್ಲ.

ಕಾಯಿಲ್ ಹಾಕಿ ಕರೆಂಟ್ ಕೊಟ್ಟರೆ ಒಳಗೆ ಜೀರುಂಡೆ ಹೊಕ್ಕ ಹಾಗೆ ಗುರ್ರ್ ಅಂತ ಶಬ್ದ. ಕೋರಿನ ಮುಖದಲ್ಲಿ ಒಂದು ಸಣ್ಣ ತಾಮ್ರದ ಬಳೆ ಇರುತ್ತದೆ, ಶೇಡಿಂಗ್ ರಿಂಗ್. 50 ಸೈಕಲ್ಲಿನ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಆಗೆಲ್ಲ ಅಯಸ್ಕಾಂತ ಕೈ ಬಿಡುತ್ತದೆ. ಮುಖದ ಒಂದು ಪಾಲು ಬಿಡುವಾಗ ಇನ್ನೊಂದು ಪಾಲು ಹಿಡಿದಿರುವ ಹಾಗೆ ನೋಡಿಕೊಳ್ಳುವುದು ಈ ಬಳೆ. ಭೂತಗನ್ನಡಿಯಲ್ಲಿ ನೋಡಿದೆ, ಬಳೆಯ ಮೂಲೆಯಲ್ಲಿ ಕೂದಲಿನಷ್ಟು ಬಿರುಕು. ಅಷ್ಟೇ ಸಾಕು, ಬಳೆಯಲ್ಲಿ ಕರೆಂಟ್ ಸುತ್ತುವುದಿಲ್ಲ. ದಪ್ಪ ತಾಮ್ರದ ತಂತಿ ಚಪ್ಪಟೆ ಮಾಡಿ ಹೊಸ ಬಳೆ ಮಾಡಿದೆ, ತುದಿಗಳನ್ನು ಬೆಳ್ಳಿ ಬೆಸುಗೆಯಲ್ಲಿ ಸೇರಿಸಿದೆ. ಸೀಸದ ಬೆಸುಗೆ ಇಲ್ಲಿಗೆ ಆಗದು, ಬಡಿತಕ್ಕೆ ಬಿಟ್ಟುಕೊಳ್ಳುತ್ತದೆ. ಶಬ್ದ ನಿಂತಿತು. ಹ್ಯಾಂಡಲ್ ನಿಲ್ಲದಿರುವುದಕ್ಕೂ ಕಾಯಿಲ್ ಸುಟ್ಟದ್ದಕ್ಕೂ ಮೂಲ ಇದೇ ಬಿರುಕು ಅಂತ ನನ್ನ ಅಂದಾಜು.

ಟರ್ಮಿನಲ್ ಹಲಗೆ ಒಡೆದಿತ್ತು, ಅದಕ್ಕೆ ಕರೆಂಟ್ ಹರಿಯದ ಹೈಲಂ ಶೀಟ್ ಕತ್ತರಿಸಿದೆ. ಕತ್ತರಿಸಿದ ಅಂಚಿಗೆ ವಾರ್ನಿಶ್ ಹಚ್ಚಲೇಬೇಕು. ನಮ್ಮ ಆಟಿ ತಿಂಗಳ ಮಳೆಗೆ ಶೀಟ್ ಅಂಚಿನಿಂದಲೇ ನೀರು ಕುಡಿಯುತ್ತದೆ.

ಹಳೇ ಎಣ್ಣೆಯಲ್ಲಿ ಕಾಯಿಸಿದ ಕಬ್ಬಿಣದ ಸರಳು ಅದ್ದಿದೆ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅಂತು. ನೀರು ಸೇರಿದೆ ಅಂತ ಅರ್ಥ. ಚೆಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿಸಿದೆ. ಎಣ್ಣೆ ಇಲ್ಲದೆ ಓಡಿಸುವವರೂ ಇದ್ದಾರೆ. ಎಣ್ಣೆ ಕಿಡಿಯನ್ನು ನಂದಿಸುತ್ತದೆ, ತಾಮ್ರಕ್ಕೆ ಗಾಳಿ ತಾಗದ ಹಾಗೂ ನೋಡಿಕೊಳ್ಳುತ್ತದೆ. ಅದಿಲ್ಲದೆ ನನ್ನ ಕಾಂಟ್ಯಾಕ್ಟ್ ಒಂದು ಸೀಸನ್ ಬಾಳಲಿಕ್ಕಿಲ್ಲ.

ಒಂದು ಭಾಗ ಮಾತ್ರ ನಾನು ಮಾಡುವುದಿಲ್ಲ, ಮೋಟಾರಿಗೆ ಹೊರೆ ಹೆಚ್ಚಾದರೆ ಕರೆಂಟ್ ಬಿಡಿಸುವ ಓವರ್‌ಲೋಡ್ ರಿಲೇ. ಎಷ್ಟು ಬಿಸಿಗೆ ಎಷ್ಟು ಹೊತ್ತಿನಲ್ಲಿ ಬಿಡಬೇಕು ಅನ್ನುವುದು ಅರದಲ್ಲಿ ತಿದ್ದಿ ಬರುವ ಲೆಕ್ಕ ಅಲ್ಲ. ಹಳೆಯದನ್ನು ಬಿಟ್ಟು ಹೊಸ ರಿಲೇಯನ್ನು ಹೊರಗೆ ಪೆಟ್ಟಿಗೆಯಲ್ಲಿ ಕೂರಿಸಿ, ಅದರ ಸಂಪರ್ಕವನ್ನು ಕಾಯಿಲಿನ ದಾರಿಯಲ್ಲಿ ಸೇರಿಸಿದೆ. ಮೋಟಾರಿನ ಫುಲ್ ಲೋಡ್ ಸುಮಾರು 11 ಆಂಪಿಯರ್. ರಿಲೇ ಇರುವುದು ಲೈನಿನಲ್ಲಲ್ಲ, ಡೆಲ್ಟಾದ ಒಂದೊಂದು ವೈಂಡಿಂಗಿಗೆ ಹೋಗುವ ದಾರಿಯಲ್ಲಾದ್ದರಿಂದ 11 ಅಲ್ಲ, ಅದರ 0.58 ಪಾಲು, 6.4ಕ್ಕೆ ಇಟ್ಟೆ. 11ಕ್ಕೇ ಇಟ್ಟು ಮೋಟಾರು ಸುಟ್ಟುಕೊಂಡವರು ನನ್ನ ಅಂಗಡಿಗೆ ವರ್ಷಕ್ಕೆ ಇಬ್ಬರಾದರೂ ಬರುತ್ತಾರೆ.

ಎಲ್ಲ ಸೇರಿಸಿ ಓಡಿಸಿದೆವು. ಸ್ವಲ್ಪ ಹೊತ್ತು ಬಿಟ್ಟು ಮೈನ್ ಸ್ವಿಚ್ ಎಳೆದೆ. ಹ್ಯಾಂಡಲ್ ಟಪ್ ಅಂತ ಬಿತ್ತು. ಭಟ್ಟರು ಬೆಚ್ಚಿ ಹಾಳೆ ತುಂಡಿಗೆ ಕೈ ಹಾಕಿದರು. "ಬೀಳಬೇಕಾದದ್ದೇ ಭಟ್ರೇ" ಅಂದೆ.

ಹತ್ತು ದಿನ ಬಿಟ್ಟು ಹೋಗಿ ಟ್ಯಾಂಕ್ ಇಳಿಸಿ ನೋಡಿದೆ. ಕಾಂಟ್ಯಾಕ್ಟಿನ ಮುಖದಲ್ಲಿ ಬೂದು ಬಣ್ಣದ ಸಮ ಗುರುತು, ಎಲ್ಲೂ ಗುಳಿ ಇಲ್ಲ. ಉಳಿದ ಪಟ್ಟಿಯಲ್ಲಿ ಇನ್ನೊಂದು ಜೊತೆ ಮಾಡಿ, ಎಣ್ಣೆ ಸವರಿ, ಡಬ್ಬಿಯಲ್ಲಿ ಹಾಕಿ ಶೆಡ್ಡಿನ ಗೂಡಿನಲ್ಲಿ ಇಟ್ಟು ಬಂದೆ. ಡಬ್ಬಿಯ ಮೇಲೆ ಅಳತೆಯನ್ನೂ ಬರೆದಿದ್ದೇನೆ, ಇಂಚಿನಲ್ಲಿ.