ಕ್ಯಾಡ್‌ಗೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳೋ ಮುಂಚೆ ಟಾಸ್ಕ್ ಮ್ಯಾನೇಜರ್ ನೋಡ್ರಿ

ನಕ್ಷೆ ಬಿಡಿಸೋ ಸಾಫ್ಟ್‌ವೇರ್ ಆಟೊಕ್ಯಾಡ್ ನಿಧಾನ ಅಂತ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯೋ ಮುಂಚೆ, ನಿಮ್ಮ ಅತಿ ಭಾರದ ಡ್ರಾಯಿಂಗ್ ತೆರೆದು (ಗಂಗಾವತಿ ಕಡೆಯವರಿಗೆ ರೈಸ್‌ಮಿಲ್ ಲೇಔಟೇ ಸಾಕು) ಝೂಮ್, ಆರ್ಬಿಟ್ (ಮಾಡೆಲ್ ತಿರುಗಿಸಿ ನೋಡೋದು) ಮಾಡ್ತಾ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡ್ರಿ. ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಸುಮ್ಮನೆ ಕೂತು ಸಿಪಿಯುನ (ಮುಖ್ಯ ಪ್ರೊಸೆಸರ್‌ನ) ಒಂದೇ ಕೋರ್ ಒದ್ದಾಡ್ತಿದ್ರೆ ಹೊಸ ಕಾರ್ಡ್ ದಂಡ. ಆಟೊಕ್ಯಾಡ್‌ನ ಬಹುಪಾಲು ಕೆಲಸ ಒಂದು ಕೋರ್ ಮೇಲೇ ನಡೆಯೋದು. ಸಿಪಿಯು ಗ್ರಾಫ್ ಮೇಲೆ ರೈಟ್‌ ಕ್ಲಿಕ್ ಮಾಡಿ ‘ಲಾಜಿಕಲ್ ಪ್ರೊಸೆಸರ್ಸ್’ ಆರಿಸಿಕೊಳ್ರಿ. ಇಲ್ಲಾಂದ್ರೆ 8 ಥ್ರೆಡ್‌ನ (ಅಂದ್ರೆ 8 ಲಾಜಿಕಲ್ ಪ್ರೊಸೆಸರ್‌ನ) ಮಷೀನಲ್ಲಿ ಒಂದು ಪೂರ್ತಿ ತುಂಬಿದ್ರೂ ಒಟ್ಟು 12-13% ಅಷ್ಟೇ ಕಾಣ್ತದೆ, ಮೋಸ ಹೋಗ್ತೀರಿ. ಗ್ರಾಫಿಕ್ಸ್‌ಕಾನ್ಫಿಗ್ ಕಮಾಂಡಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ (ಚಿತ್ರ ತೋರಿಸೋ ಕೆಲಸ ಕಾರ್ಡಿಗೆ ಒಪ್ಪಿಸೋ ಸೆಟ್ಟಿಂಗ್) ಆನ್ ಇರ್ಬೇಕು, ಆಫ್ ಇದ್ರೆ ಈ ಪರೀಕ್ಷೆಗೆ ಅರ್ಥ ಇಲ್ಲ. ಲುಮಿಯಾನ್ ಅನ್ನೋ ರೆಂಡರಿಂಗ್ ಸಾಫ್ಟ್‌ವೇರ್‌ನಲ್ಲಿ ವಾಕ್‌ಥ್ರೂ (ಕಟ್ಟಡದೊಳಗೆ ಓಡಾಡಿದಂಗೆ ತೋರಿಸೋ ವಿಡಿಯೊ) ಮಾಡೋರಿಗೂ ಇದು ಅನ್ವಯಿಸಲ್ಲ, ಅಲ್ಲಿ ಕಾರ್ಡೇ ದೇವರು. ಇನ್ನು ರಾಯಚೂರಿನ ಮೇ ಮಧ್ಯಾಹ್ನ ಲ್ಯಾಪ್‌ಟಾಪ್ ಕಾದು ತಾನೇ ವೇಗ ಇಳಿಸಿಕೊಳ್ತದೆ, ಬೆಳಿಗ್ಗೆ ನೋಡಿದ್ರೇನೇ ಲೆಕ್ಕ.